ಮೋಸಂಬಿಗೆ ಚುಚ್ಚಿದ ಸೂಜಿ

ವರನಿಗೆ ಸಂಬಳ ಮುನ್ನೂರೈವತ್ತು ಎಂದರು ಜೋಯಿಸರು. ಕೆಲಸವೇನೆಂದರೆ "ಡಾಕ್ಟರು" ಎಂದಷ್ಟೇ. ಅರ್ಧಂಬರ್ಧ ಮಾತು ಕಂಡರೆ ನನಗಾಗದು. ಜಾತಕ ಕೂಡಿದ್ದರೂ ಮಗಳು ವಾರಿಜಾಳನ್ನು ತೋರಿಸುವ ಮೊದಲು ವಿಚಾರಿಸಿದೆ. ಹುಡುಗ ತಿರುಮಲೇಶ ಕ್ಯಾನ್ಸರಿನವರಿಗೆ ರೇಡಿಯಂ ಇಡುವವನಂತೆ. ಅದು ರೋಗವನ್ನು ಸುಡುತ್ತದೆ, ಇಡುವವನ ಕೈಯನ್ನೂ ಬಿಡುವುದಿಲ್ಲ ಎಂದು ಭಾಮೈದ ಕಿಟ್ಟಿ ಹೆದರಿಸಿದ. ನನಗಿರುವುದು ಒಬ್ಬಳೇ ಮಗಳು. ಕೊಡುವುದೋ ಬಿಡುವುದೋ ಕಣ್ಣಾರೆ ನೋಡಿ ತೀರ್ಮಾನಿಸೋಣವೆಂದು ಜಯನಗರದಲ್ಲಿ ಬಸ್ಸು ಹತ್ತಿದೆ. ಅದು ಅರವತ್ತೊಂದನೆಯ ಇಸವಿ.

ಕಿವಿನೋವೆಂದು ಸುಳ್ಳು ಹೇಳಿ, ತಿರುಮಲೇಶನಿಗೇ ತೋರಿಸಬೇಕೆಂದು ಹಟ ಹಿಡಿದು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದೆ. ಬೆಂಚಿನ ಮೇಲೆ ಪಕ್ಕದಲ್ಲಿ ಹೊಸಕೆರೆಹಳ್ಳಿಯ ಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಹುಣ್ಣಿನ ವಾಸನೆಗೆ ನಾನು ಸರಿದು ಕೂತೆ.

ನನ್ನ ಸರದಿ ಬಂತು. ಒಳಗೆ ತಿರುಮಲೇಶ ಉದ್ದನೆಯ ಇಕ್ಕಳದಿಂದ ಮೋಸಂಬಿಗೆ ಸೂಜಿ ಚುಚ್ಚುತ್ತಿದ್ದ. ಗಡಿಯಾರ ನೋಡಿ, ಕಿತ್ತು, ಮತ್ತೆ ಚುಚ್ಚಿದ. ಇದಕ್ಕೆ ಮುನ್ನೂರೈವತ್ತೇ ಎಂದು ನನಗೆ ಮೈ ಉರಿಯಿತು.

"ಏನ್ ಸಾರ್ ಇದು, ಆಟಾನಾ?" ಎಂದೆ.

"ಇದು ಖಾಲಿ ಸೂಜಿ ಸಾರ್, ಕೈ ಪಳಗಿಸ್ಕೊಳ್ತಿದ್ದೀನಿ. ನಾಳೆ ಲಕ್ಷ್ಮಮ್ಮನ ಕೆನ್ನೆಗೆ ರೇಡಿಯಂ ಸೂಜಿ ಕೂರಿಸ್ಬೇಕು. ಜಾಗ ತಪ್ಪಿದ್ರೆ ಆಯಮ್ಮನಿಗೆ ಕಷ್ಟ, ತಡ ಆದ್ರೆ ನನಗೂ ನರ್ಸಮ್ಮನಿಗೂ ಕಷ್ಟ."

"ನಿಮಗೆ ಅಪಾಯ ಇದ್ಯಾ?"

ಅವನು ಮುಚ್ಚಿಡಲಿಲ್ಲ. ತೋರುಬೆರಳು ಚಾಚಿದ. ತುದಿಯ ಚರ್ಮ ಒರಟಾಗಿ ಬಿರುಕು ಬಿಟ್ಟಿತ್ತು. "ಇದೆ ಸಾರ್. ಅದಕ್ಕೇ ಈ ಮೋಸಂಬಿ."

ಆಮೇಲೆ ನನ್ನ ಕಿವಿಯನ್ನು ಶ್ರದ್ಧೆಯಿಂದ ನೋಡಿ, ಏನೂ ಇಲ್ಲ ಎಂದ. ನನಗೆ ನಾಚಿಕೆಯಾಯಿತು.

ಎರಡು ತಿಂಗಳು ಜೋಯಿಸರಿಗೆ ಏನೇನೋ ನೆಪ ಹೇಳಿದೆ. ಮನಸ್ಸು ತಡೆಯದೆ ಮತ್ತೆ ಹೋದೆ. ಅದೇ ಬೆಂಚಿನ ಮೇಲೆ ಲಕ್ಷ್ಮಮ್ಮ ಬುತ್ತಿ ಬಿಚ್ಚಿ ಕೂತಿದ್ದಳು. ಬಾಯಿಗೆ ಸೆರಗಿರಲಿಲ್ಲ.

"ಅವತ್ತು ಗಂಜಿನೂ ಇಳೀತಿರ್ಲಿಲ್ಲ ಸಾಮಿ. ಈಗ ಮುದ್ದೆ ನುಂಗ್ತೀನಿ, ನೋಡಿ," ಎಂದು ನುಂಗಿಯೇ ತೋರಿಸಿದಳು.

ಒಂದಷ್ಟು ಸೂಜಿ, ಒಬ್ಬ ಹುಡುಗನ ಕೈ. ಅಷ್ಟರಿಂದಲೇ ಇಂಥದ್ದು ಆಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಈ ಸಲ ಅವಳ ಪಕ್ಕದಲ್ಲೇ ಕೂತೆ.

ಮನೆಗೆ ಬಂದು ವಾರಿಜಾಳಿಗೆ ಎಲ್ಲವನ್ನೂ ಹೇಳಿದೆ, ಬಿರುಕು ಬಿಟ್ಟ ಬೆರಳನ್ನೂ ಸೇರಿಸಿ.

"ನಂಗೆ ಭಯ ಆಗುತ್ತಮ್ಮ. ಆದ್ರೆ ಅಂಥಾ ಕೈ ನಾನು ನೋಡಿಲ್ಲ. ನೀನೇ ಹೇಳು."

ಅವಳು ಒಳಗೆ ಹೋಗಿ ಕೈಚೀಲ ತಂದು ನನಗೆ ಕೊಟ್ಟಳು.

"ಭಾನುವಾರ ಹೆಣ್ಣು ನೋಡೋಕೆ ಬರ್ಲಿ ಅಪ್ಪ. ನೀವು ಒಂದು ಡಜನ್ ಮೋಸಂಬಿ ತಂದಿಡಿ. ಹೋಗೋವಾಗ ಅವರಿಗೆ ಕೊಟ್ಟು ಕಳಿಸೋಣ."