ಹಿಂದಿನ ಸೀಟಿನ ನೀಲಿ ಕವರು

ಬಸ್ ಡಿಪೋದಲ್ಲಿ ನನ್ನ ಅಪ್ಪನಿಗೆ ಇದ್ದ ಅಡ್ಡಹೆಸರು ಹಾಲುಗಾಡಿ. ತುಂಬಿದ ಹಾಲಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಇವನ ಬಸ್ಸು ಹತ್ತಿದರೂ ಒಂದು ತೊಟ್ಟು ತುಳುಕುವುದಿಲ್ಲ ಎಂದು ಜತೆಯವರು ಇಟ್ಟ ಹೆಸರು ಅದು. ಮೂವತ್ನಾಲ್ಕು ವರ್ಷ ಆ ಹೆಸರಿಗೆ ಮಸಿ ಬಳಿಯದೆ ಓಡಿಸಿ ನಿವೃತ್ತನಾದವನು. ಅಂಥವನ ಕೈಯಿಂದ ನಾನು ಕಾರಿನ ಕೀ ಕಿತ್ತುಕೊಂಡೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನಾನು, ಆದರೆ ಈ ಕೆಲಸ ಕೋಪದಲ್ಲಿ ಮಾಡಿದ್ದಲ್ಲ. ಬಹಳ ಯೋಚಿಸಿ, ಬಹಳ ಜಾಣೆ ಎಂದುಕೊಂಡು ಮಾಡಿದ್ದು.

ನಾನು ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ನು ಹಾಕಿಕೊಂಡು ಪರದೆ, ದಿಂಬಿನ ಚೀಲ, ಸೋಫಾ ಕವರು ಹೊಲಿಯುತ್ತೇನೆ. ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣೆಲ್ಲ ಪರೀಕ್ಷೆ ಮಾಡಿ, ಮನೆಗೆ ಬಂದು ತನ್ನ ಕಣ್ಣೆದುರಿನ ಚಪ್ಪಲಿ ಹುಡುಕುತ್ತಾರೆ. ಮಗಳು ಎರಡನೇ ಕ್ಲಾಸು. ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜತೆಗೇ ಇದ್ದಾನೆ. ಎರಡು ವರ್ಷದ ಹಿಂದೆ ನಾವೊಂದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ತೆಗೆದುಕೊಂಡೆವು. ಅರ್ಧ ಪೆಟ್ರೋಲಿನಲ್ಲಿ, ಅರ್ಧ ಬ್ಯಾಟರಿಯಲ್ಲಿ ಓಡುವ ಗಾಡಿ ಎಂದಾಗ ಅಪ್ಪ ಮುಖ ಸೊಟ್ಟಗೆ ಮಾಡಿದ. ಸಿಗ್ನಲ್ಲಿನಲ್ಲಿ ಎಂಜಿನ್ನು ತಾನಾಗಿಯೇ ಸುಮ್ಮನಾದಾಗ, "ಇದೇನು ಗಾಡಿನೇ ಅಲ್ಲ, ಪ್ರಾಣ ಹೋದ ಹಾಗೆ ನಿಂತುಬಿಡುತ್ತೆ" ಎಂದ.

ಆದರೆ ಬ್ರೇಕು ಒತ್ತಿದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ ಎಂದು ಗೊತ್ತಾದ ದಿನ ಅವನು ಪೂರ್ತಿ ಬದಲಾದ. "ಮೂವತ್ನಾಲ್ಕು ವರ್ಷ ನಾನು ಒತ್ತಿದ ಬ್ರೇಕೆಲ್ಲ ಬಿಸಿಯಾಗಿ ಗಾಳಿಗೆ ಹೋಯ್ತಲ್ಲೇ!" ಎಂದು ನಿಜವಾಗಿಯೂ ಮರುಗಿದ. ಅಂದಿನಿಂದ ಕಾರು ಅವನದೇ ಆಯಿತು. ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ಟೈರಿನ ಗಾಳಿ ನೋಡುವುದು, ಆಯಿಲ್ಲಿನ ಕಡ್ಡಿ ಎಳೆದು ಬಣ್ಣ ನೋಡುವುದು, ಡಿಕ್ಕಿಯಲ್ಲಿ ನಾನು ಮರೆತ ಬಟ್ಟೆಯ ಗಂಟುಗಳನ್ನು ಇಳಿಸಿ "ಸುಮ್ಮನೆ ಯಾಕೆ ಭಾರ ಹೊರಿಸ್ತೀಯ" ಎಂದು ಗೊಣಗುವುದು. ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಆಕ್ಸಿಲರೇಟರ್ ಬಿಟ್ಟು, ಮೃದುವಾಗಿ ಬ್ರೇಕು ಹಿಡಿದು, ಗಾಡಿ ತೇಲಿಸಿಕೊಂಡು ಹೋಗುತ್ತಿದ್ದ. ಸ್ಟೀರಿಂಗಿನ ಹಿಂದಿನ ಪರದೆಯ ಮೇಲೆ ಮೈಲೇಜು ನನ್ನ ಗಂಡನಿಗೆ ಲೀಟರಿಗೆ ಇಪ್ಪತ್ತಮೂರು ತೋರಿಸಿದರೆ ಅಪ್ಪನಿಗೆ ಇಪ್ಪತ್ತೈದು. ಅಳಿಯ ಕಾರು ಓಡಿಸಿಕೊಂಡು ಮನೆಗೆ ಬಂದ ತಕ್ಷಣ ಮಾವ, "ಏನಪ್ಪಾ, ಇವತ್ತು ಎಷ್ಟು?" ಎಂದು ಕೇಳುವುದು, ಅಳಿಯ ಮಾತು ಮರೆಸುವುದು ನಮ್ಮ ಮನೆಯ ಆಟವಾಯಿತು. ಮಗಳನ್ನು ಸ್ಕೂಲಿಗೆ ಬಿಡುವುದು, ಕರೆತರುವುದು ಅಪ್ಪನ ಪಾಲಿಗೆ ಬಂತು. ಆ ಹೊತ್ತಿಗೆ ಅವನು ಇಸ್ತ್ರಿ ಹಾಕಿದ ಶರ್ಟು ತೊಟ್ಟು, ಕೈಗಡಿಯಾರ ಕಟ್ಟಿಕೊಂಡು ತಯಾರಾಗುತ್ತಿದ್ದ.

ಹೀಗಿರುವಾಗ ಮಗಳು ಹಿಂದಿನ ಸೀಟಿನ ಮೇಲೆ ಹಣ್ಣಿನ ರಸ ಚೆಲ್ಲಿದಳು. ಕಲೆ ಹೋಗಲಿಲ್ಲ. ನಾನು ಟೇಪು ಹಿಡಿದು ಕಾರಿನೊಳಗೆ ಕೂತೆ. ಅಂಗಡಿಯ ರೆಡಿಮೇಡ್ ಕವರು ಹಾಕಿಸಲು ನಾನೇನು ಕೈಲಾಗದವಳೇ? ಉಳಿದಿದ್ದ ನೀಲಿ ಟವೆಲ್ ಬಟ್ಟೆಗೆ ಒಳಗೆ ಹತ್ತಿ ಕೊಟ್ಟು, ಮೂರು ದಿನ ಕೂತು, ಸೀಟಿನ ನೆತ್ತಿಯಿಂದ ಕಾಲಿಡುವ ಜಾಗದವರೆಗೆ ಇಳಿಬೀಳುವ ಕವರು ಹೊಲಿದೆ. ಸೀಟಿನ ಪಕ್ಕದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಜಾಲರಿಯೊಂದಿತ್ತು. ಸ್ಪೀಕರ್ ಇರಬೇಕು ಎಂದುಕೊಂಡೆ. ನಮ್ಮ ಕಸುಬಿನವರಿಗೆ ಹೊಲಿಗೆಯಲ್ಲಿ ಸಂದು ಕಂಡರೆ ಕೈ ತುರಿಸುತ್ತದೆ. ಅದನ್ನೂ ಸೇರಿಸಿ, ಬೆರಳು ತೂರದ ಹಾಗೆ ಮುಚ್ಚಿ ಎಲಾಸ್ಟಿಕ್ ಬಿಗಿದೆ. ಗ್ರಾಹಕರು ಬಂದಾಗಲೆಲ್ಲ ಕಾರಿನ ಬಾಗಿಲು ತೆಗೆದು ತೋರಿಸುತ್ತಿದ್ದೆ. ನೋಡಿದವರಿಂದ ಎರಡು ಆರ್ಡರೂ ಬಂದವು, ಜಂಬ ಇನ್ನೆರಡು ಮೊಳ ಬೆಳೆಯಿತು.

ಸ್ವಲ್ಪ ದಿನಕ್ಕೆ ಅಪ್ಪ ಒಂದು ಮಾತು ತೆಗೆದ. "ಹಿಂದುಗಡೆ ಏನೋ ಬುಸುಗುಡ್ತಿದೆ ಕಣೆ."

"ಎ.ಸಿ. ಇರುತ್ತೆ ಬಿಡಪ್ಪ."

"ಎ.ಸಿ. ಮುಂದೆ. ಇದು ಹಿಂದೆ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ಸಲ ಹೇಳಿದ, ಮೂರು ಸಲವೂ ನನ್ನ ಮಿಷನ್ನು ಓಡುತ್ತಲೇ ಇತ್ತು. ಒಂದು ಮಧ್ಯಾಹ್ನ ನೋಡುತ್ತೇನೆ, ಕವರಿನ ಪಕ್ಕದ ಅಂಚನ್ನು ಮೇಲಕ್ಕೆ ಮಡಚಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಗಿಸಿದ್ದಾನೆ! ನನಗೆ ಎಲ್ಲಿತ್ತೋ ಸಿಟ್ಟು.

"ಅಪ್ಪ, ಮೂರು ದಿನ ಬೆನ್ನು ಬಗ್ಗಿಸಿ ಹೊಲಿದಿದ್ದೀನಿ. ಅದನ್ನ ಒರೆಸೋ ಬಟ್ಟೆ ಥರ ಮಡಚಿ ಕ್ಲಿಪ್ ಹಾಕ್ತೀಯಲ್ಲ, ನಾಳೆ ಯಾರಾದ್ರೂ ನೋಡಿದ್ರೆ ಏನಂತಾರೆ?"

"ಆಯ್ತು ಬಿಡು" ಎಂದು ಅವನೇ ಹೋಗಿ ಕ್ಲಿಪ್ಪು ತೆಗೆದು, ಅಂಚನ್ನು ಕೆಳಗಿಳಿಸಿ, ಸುಕ್ಕು ಸವರಿ ಬಂದ. ಸದ್ದಿನ ಮಾತು ಅಲ್ಲಿಗೆ ನಿಂತಿತು.

ಮೈಲೇಜು ಮಾತ್ರ ಇಳಿಯತೊಡಗಿತು. ಇಪ್ಪತ್ತೈದು ಇದ್ದದ್ದು ಇಪ್ಪತ್ತೆರಡಾಯಿತು, ಇಪ್ಪತ್ತಾಯಿತು, ಎರಡು ತಿಂಗಳು ಮುಗಿಯುವಷ್ಟರಲ್ಲಿ ಹದಿನೆಂಟಕ್ಕೆ ಬಂದು ಕೂತಿತು. ಅಪ್ಪ ಟೈರಿಗೆ ಗಾಳಿ ತುಂಬಿಸಿದ, ಆಯಿಲ್ ಬದಲಿಸಿದ, ಏರ್ ಫಿಲ್ಟರ್ ಕೊಡವಿದ. ಏನೂ ಆಗಲಿಲ್ಲ. ಅಳಿಯನನ್ನು "ಇವತ್ತು ಎಷ್ಟು?" ಎಂದು ಕೇಳುವುದನ್ನು ಬಿಟ್ಟ, ಹಾಗಾಗಿ ನನ್ನ ಗಂಡ ಅಪರೂಪಕ್ಕೆ ಓಡಿಸಿದಾಗ ಎಷ್ಟು ಬರುತ್ತಿತ್ತೋ ಯಾರೂ ನೋಡಲಿಲ್ಲ. ನನಗೆ ಪೆಟ್ರೋಲಿನ ಚಿಂತೆಗಿಂತ ಬೇರೆಯೇ ಭಯ ಹತ್ತಿತು. ಅಪ್ಪನಿಗೆ ಎಪ್ಪತ್ತಮೂರು ವರ್ಷ. ಎಷ್ಟು ಒತ್ತಿದರೆ ಎಷ್ಟು ಎಂಬ ಅಂದಾಜು ಅವನ ಕಾಲಿಗೆ ತಪ್ಪುತ್ತಿದೆಯೇ? ಇವತ್ತು ಆಕ್ಸಿಲರೇಟರ್, ನಾಳೆ ಬ್ರೇಕು. ಹಿಂದೆ ಕೂರುವವಳು ನನ್ನ ಮಗಳು. ಈ ಯೋಚನೆ ಬಂದ ಮೇಲೆ ಅವರಿಬ್ಬರೂ ಸ್ಕೂಲಿನಿಂದ ಹಿಂದಿರುಗುವ ತನಕ ನನ್ನ ಕೈಯ ಹೊಲಿಗೆ ನೆಟ್ಟಗೆ ಬೀಳುತ್ತಿರಲಿಲ್ಲ.

ಒಂದು ಭಾನುವಾರ ಚಹಾ ಕುಡಿಯುವಾಗ ಹೇಳಿಯೇಬಿಟ್ಟೆ. "ಅಪ್ಪ, ಇನ್ಮೇಲೆ ಪಾಪೂನ ನಾನೇ ಬಿಟ್ಟು ಬರ್ತೀನಿ. ನೀನು ಆರಾಮಾಗಿರು."

"ಯಾಕೆ?"

"ನಿನ್ನ ಕಾಲಿಗೆ ಮೊದಲಿನ ಹದ ಇಲ್ಲಪ್ಪ. ಗಾಡಿನೇ ಹೇಳ್ತಿದೆಯಲ್ಲ."

ಅವನು ತನ್ನ ಬಲಗಾಲನ್ನು ಒಮ್ಮೆ ನೋಡಿಕೊಂಡ. ಜೇಬಿನಿಂದ ಕೀ ತೆಗೆದು ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿ, ಲೋಟ ತೊಳೆದಿಡಲು ಒಳಗೆ ಹೋದ. ನನ್ನ ಗಂಡ ನನ್ನ ಕಡೆ ನೋಡಿ, "ಸ್ವಲ್ಪ ಮೆಲ್ಲಗೆ ಹೇಳಬಹುದಿತ್ತು" ಎಂದರು.

"ಮೆಲ್ಲಗೇ ಹೇಳಿದ್ನಲ್ಲ!"

"ಇದು ನಿನ್ನ ಮೆಲ್ಲಗೆ" ಎಂದರು.

ಮರುದಿನದಿಂದ ನಾನು ಓಡಿಸಿದೆ. ಅಪ್ಪ ಗೇಟಿನ ತನಕ ಬಂದು, ಅಭ್ಯಾಸಬಲದಿಂದ ಟೈರನ್ನು ಅಂಗೈಯಿಂದ ತಟ್ಟಿ ನೋಡಿ, ಮೊಮ್ಮಗಳಿಗೆ ಕೈ ಬೀಸಿ ಒಳಗೆ ಹೋಗುತ್ತಿದ್ದ. ಇಸ್ತ್ರಿ ಶರ್ಟು ನಿಂತುಹೋಯಿತು. ಹನ್ನೊಂದು ದಿನ ನನ್ನ ಕಾಲು ಎಷ್ಟು ನಯವಾಗಬಹುದೋ ಅಷ್ಟು ನಯವಾಗಿ ಓಡಿಸಿದೆ. ಪರದೆ ನೋಡಿದರೆ ಹದಿನೆಂಟು. ಗಂಡನಿಗೆ ಕೊಟ್ಟೆ. ಹದಿನೇಳೂವರೆ!

"ಏನು, ಮನೆಯವರ ಕಾಲಿಗೆಲ್ಲ ಒಟ್ಟಿಗೇ ಮುಪ್ಪು ಬಂತಾ?" ಎಂದರು ಅವರು. ನನಗೆ ನಗು ಬರಲಿಲ್ಲ. ಮರುದಿನವೇ ಗಾಡಿಯನ್ನು ಗ್ಯಾರೇಜಿಗೆ ಒಯ್ದೆ.

ಮೆಕ್ಯಾನಿಕ್ಕು ನಡುವಯಸ್ಸಿನವರು, ಮಾತಿಗಿಂತ ಸೀನುವುದೇ ಹೆಚ್ಚು. ಬಾನೆಟ್ ಎತ್ತಲೇ ಇಲ್ಲ. ಗಾಡಿ ಸ್ಟಾರ್ಟ್ ಮಾಡಿಸಿ, ಹಿಂದಿನ ಬಾಗಿಲು ತೆಗೆದು, ಒಂದು ಕ್ಷಣ ತಲೆ ಓರೆ ಮಾಡಿ ನಿಂತರು.

"ಇದೇನಮ್ಮ, ಬ್ಯಾಟರಿಗೆ ಹೊದಿಕೆ ಹೊದಿಸಿದ್ದೀರಲ್ಲ?"

"ಅದು ಸೀಟ್ ಕವರು. ನಾನೇ ಹೊಲಿದಿದ್ದು."

"ಹೊಲಿಗೆ ಚೆನ್ನಾಗಿದೆ" ಎನ್ನುತ್ತ ಎಲಾಸ್ಟಿಕ್ ಬಿಚ್ಚಿ, ನಾನು ಸ್ಪೀಕರ್ ಎಂದುಕೊಂಡಿದ್ದ ಜಾಲರಿಯನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದರು. ಅದರ ಹಿಂದಿನ ಫಿಲ್ಟರಿಗೆ ನೀಲಿ ನೂಲಿನ ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ನನ್ನದೇ ಟವೆಲ್ ಬಟ್ಟೆಯ ನೀಲಿ. ಆ ಧೂಳನ್ನು ಉಂಡೆ ಮಾಡಿ ನನ್ನ ಕೈಗೆ ಕೊಟ್ಟು, ಎರಡು ಸಲ ಸೀನಿ, ಜಾಲರಿಯ ಜಾಗ ತೋರಿಸಿ ಹೇಳಿದರು: "ಈ ಗಾಡಿಯ ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ಇದು ಅದರ ಮೂಗು. ಮೂಗು ಮುಚ್ಚಿದ್ರೆ ಬ್ಯಾಟರಿ ಬಿಸಿಯಾಗುತ್ತೆ. ಆಗ ಗಾಡಿ ಬ್ಯಾಟರೀನ ಜಾಸ್ತಿ ಮುಟ್ಟಲ್ಲ, ಎಲ್ಲಾದಕ್ಕೂ ಎಂಜಿನ್ನೇ ಏಳಬೇಕು. ಯಾರು ಓಡಿಸಿದ್ರೂ ಅಷ್ಟೆ, ಪೆಟ್ರೋಲ್ ಕುಡಿಯುತ್ತೆ. ಪುಣ್ಯಕ್ಕೆ ಬ್ಯಾಟರಿಗೆ ಏನೂ ಆಗಿಲ್ಲ. ತಿಂಗಳಿಗೊಮ್ಮೆ ಇಲ್ಲಿ ಧೂಳು ತೆಗೀರಿ, ಸಾಕು."

ಆಮೇಲೆ ಕೈ ಒರೆಸಿಕೊಳ್ಳುತ್ತ, "ಒಳಗಿನ ಫ್ಯಾನು ಜೋರಾಗಿ ಸದ್ದು ಮಾಡಿರಬೇಕಲ್ಲ, ನಿಮ್ಮನೇಲಿ ಯಾರಿಗೂ ಕೇಳಿಸಲಿಲ್ವಾ?" ಎಂದು ಕೇಳಿದರು.

ಅಪ್ಪನಿಗೆ ಕೇಳಿಸಿತ್ತು. ಕ್ಲಿಪ್ಪು ಸಿಗಿಸಿದ್ದೂ ಸರಿಯಾಗಿ ಇದೇ ಜಾಗದಲ್ಲಿ.

ಮನೆಗೆ ಬಂದಾಗ ಅವನು ಮೆಟ್ಟಿಲ ಮೇಲೆ ಕೂತು ಮೊಮ್ಮಗಳ ಶೂಗೆ ಪಾಲಿಶ್ ಹಾಕುತ್ತಿದ್ದ. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು ನೀಲಿ ಧೂಳಿನ ಉಂಡೆಯನ್ನು ಅವನ ಅಂಗೈಗಿಟ್ಟು ಎಲ್ಲವನ್ನೂ ಹೇಳಿದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅಪ್ಪ, ನಿನಗೆ ಮೊದಲೇ ಗೊತ್ತಿತ್ತಾ?"

"ಅರ್ಧ ಗೊತ್ತಿತ್ತು. ಕ್ಲಿಪ್ ಹಾಕಿದ ದಿನ ಸದ್ದು ಇಳಿದಿತ್ತು."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ? ನಿನ್ನ ಕೀ ಕಿತ್ಕೊಂಡಾಗ್ಲಾದ್ರೂ?"

"ನೀನು ಬಂದವರಿಗೆಲ್ಲ ಬಾಗಿಲು ತೆಗೆದು ಆ ಕವರು ತೋರಿಸ್ತಿದ್ದೆ. ಇದರಿಂದಾನೇ ಕೆಟ್ಟಿದ್ದು ಅಂತ ನಾನು ಹೇಗೆ ಹೇಳಲಿ?" ಶೂವನ್ನು ಬೆಳಕಿಗೆ ಹಿಡಿದು ನೋಡಿದ. "ಆಮೇಲೆ ನೀನು ಕಾಲಿಗೆ ಹದ ಇಲ್ಲ ಅಂದೆಯಲ್ಲ, ಆಗ ನನಗೂ ಅನುಮಾನ ಬಂತು. ಕಿವಿನೂ ಸುಳ್ಳು ಹೇಳ್ತಿರಬಹುದು, ನೀನು ಹೇಳೋದೇ ನಿಜ ಇರಬಹುದು ಅಂತ."

ಆ ಮಾತು ನನ್ನ ಎದೆಗೆ ನಾಟಿತು. ಕೀ ಕಿತ್ತುಕೊಂಡದ್ದು ಹಾಗಿರಲಿ, ಅವನಿಗೆ ಅವನ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ. "ತಪ್ಪಾಯ್ತಪ್ಪ" ಎಂದೆ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳದ ಮಾತು ಅದು. ಅವನಿಗೂ ಮುಜುಗರವಾಗಿ, ಹೊಳೆಯುತ್ತಿದ್ದ ಶೂಗೆ ಇನ್ನೊಮ್ಮೆ ಪಾಲಿಶ್ ಹಚ್ಚಿದ. ನಾನು ಕತ್ತರಿ ತಂದು, ಅವನೆದುರಿಗೇ ಕವರಿನ ಪಕ್ಕವನ್ನು ಜಾಲರಿಯಷ್ಟಗಲ ಚಚ್ಚೌಕವಾಗಿ ಕತ್ತರಿಸಿ, ಅಂಚು ಮಡಿಸಿ ಹೊಲಿದೆ. ನನ್ನ ಕೈಯಾರೆ ಇಟ್ಟ ಸಂದು. ಆಮೇಲೆ ಮೊಳೆಯಿಂದ ಕೀ ತಂದುಕೊಟ್ಟೆ.

ಅವನು ತಕ್ಷಣ ತೆಗೆದುಕೊಳ್ಳಲಿಲ್ಲ. ಒಳಗೆ ಹೋಗಿ ಸ್ಟೀಲಿನ ಲೋಟವೊಂದಕ್ಕೆ ಅಂಚಿನವರೆಗೂ ನೀರು ತುಂಬಿಕೊಂಡು, ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಬಂದ.

"ಇದನ್ನ ಹಿಡ್ಕೊಂಡು ಹಿಂದೆ ಕೂತ್ಕೊ. ಒಂದು ಸುತ್ತು ಹೋಗಿ ಬರೋಣ. ಚೆಲ್ಲಿದ್ರೆ ಕೀ ನೀನೇ ಇಟ್ಕೊ."

"ಅಪ್ಪ, ಇದೆಲ್ಲ ಬೇಡ. ನನಗೇನೂ ಅನುಮಾನ ಇಲ್ಲ."

"ನನಗಿದೆ" ಎಂದ.

ಮಗಳು ಓಡಿಬಂದು ನನ್ನ ಪಕ್ಕ ಕೂತಳು. ನಾನು ಲೋಟವನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದೆ. ಗಾಡಿ ಸದ್ದಿಲ್ಲದೆ ಹೊರಟಿತು. ಬೇಕರಿಯ ತಿರುವು, ಸ್ಕೂಲಿನ ಮುಂದಿನ ಹಂಪು, ಅಂಚೆ ಕಚೇರಿಯ ಇಳಿಜಾರು, ಎರಡು ಸಿಗ್ನಲ್ಲು. ನೀರು ಅಂಚಿಗೆ ಬಂದು ನಡುಗುತ್ತಿತ್ತು, ಹಿಂದೆ ಸರಿಯುತ್ತಿತ್ತು. ಉಸಿರು ಬಿಗಿಹಿಡಿದಿದ್ದವಳು ನಾನು. ಕನ್ನಡಿಯಲ್ಲಿ ಕಾಣುತ್ತಿದ್ದ ಅಪ್ಪನ ಹುಬ್ಬು ಕೂಡ ಗಂಟಿಕ್ಕಿತ್ತು.

ಕೊನೆಯ ಸಿಗ್ನಲ್ಲಿನಲ್ಲಿ ಎಂಜಿನ್ನು ಸುಮ್ಮನಾದಾಗ ಕೇಳಿದ, "ಎಷ್ಟು ಚೆಲ್ಲಿತು? ಸುಳ್ಳು ಹೇಳಬೇಡ."

"ಒಂದು ತೊಟ್ಟೂ ಇಲ್ಲಪ್ಪ."

ಅವನು ನನ್ನನ್ನು ನಂಬಲಿಲ್ಲ. "ಪಾಪು, ನೀನು ನೋಡಿ ಹೇಳು" ಎಂದ. ಮಗಳು ನನ್ನ ಮಡಿಲನ್ನೆಲ್ಲ ತಡವಿ, "ಒದ್ದೆ ಇಲ್ಲ ತಾತ" ಎಂದಳು.

ದೀಪ ಹಸಿರಾಯಿತು. ಸ್ವಲ್ಪ ಮುಂದೆ ನಮ್ಮ ಬೀದಿಯ ತಿರುವು ಬಂತು, ಅಪ್ಪ ತಿರುಗಿಸಲಿಲ್ಲ. ಅದನ್ನು ದಾಟಿ, ನೇರ ರಸ್ತೆಗೆ ಗಾಡಿ ಬಿಟ್ಟುಕೊಂಡು, ಒಂದು ಕೈಯಿಂದ ಶರ್ಟಿನ ಕಾಲರ್ ಸರಿಮಾಡಿಕೊಂಡ. ಪೆಟ್ರೋಲು ಖರ್ಚಾಗುತ್ತದೆ ಎಂದು ನಾನು ಹೇಳಲಿಲ್ಲ. ಲೋಟ ಹಿಡಿದುಕೊಂಡು ಕೂತೆ.