ಹೊಂಡಕ್ಕೆ ಬಡಿಸಿದ್ದು

"ಸಾಕು ಅಣ್ಣ, ಸಾಕು ಅಂದೆ!"

ಅಂಬುಜಾ ತಟ್ಟೆಗೆ ಅಂಗೈ ಅಡ್ಡ ಹಿಡಿದರೂ ಅನಂತ್ ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಅನ್ನ ಜಾರಿಸಿಬಿಟ್ಟ. ಹೇಳಿಕೇಳಿ ಕುಂದಾಪುರದವರ ಮನೆ. ನೈರೋಬಿಯ ಸೌತ್ ಬಿ ಬಡಾವಣೆಗೆ ಬಂದು ಎಷ್ಟು ಕಾಲವಾದರೇನು, ನೆಂಟರು ಬೇಡ ಅಂದಮೇಲೇ ಇಲ್ಲಿ ಬಡಿಸುವುದು ಶುರು.

ಆದರೆ ಈ ಭಾನುವಾರ ಅಂಬುಜಾ ಬಂದದ್ದು ಊಟಕ್ಕಲ್ಲ. ಅವಳು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಮೊಂಬಾಸಾದ ಆಚೆ ಕಡಲಂಚಿನಲ್ಲಿ ಅಣ್ಣನಿಗೆ ಹೂಮೀನು ಸಾಕುವ ಹೊಂಡಗಳಿದ್ದವು. ದೊಡ್ಡ ಹೊಂಡಗಳ ತಳ ಕೊಳೆತು ಮೀನು ಸತ್ತು ತೇಲಿದ್ದವು. ಅದಕ್ಕೇ ನಾಳೆ ಪಕ್ಕದ ಕಾಂಡ್ಲಾ ಕಾಡು ಕಡಿದು ಹೊಸ ಹೊಂಡ ತೋಡಬೇಕೆಂದು ಅಲ್ಲಿನ ಮೇಸ್ತ್ರಿ ಪೀಟರ್‌ಗೆ ಹೇಳಿಯೂ ಆಗಿತ್ತು. ಆ ಉಪ್ಪುನೀರಿನ ಮರಗಳ ಬೇರಿನ ಸಂದಿಯಲ್ಲೇ ಊರ ಹೆಂಗಸರು ಏಡಿ ಹಿಡಿದು ಸಂಸಾರ ಸಾಗಿಸುತ್ತಿದ್ದರು.

"ಪ್ರಯೋಗಕ್ಕೆ ಅಂತ ನನಗೆ ಬಿಟ್ಟುಕೊಟ್ಟ ಸಣ್ಣ ಹೊಂಡದಲ್ಲಿ ಯಾಕೆ ಮೀನು ಸಾಯಲಿಲ್ಲ ಅಂತ ಒಂದು ಸಲವಾದರೂ ಕೇಳಿದ್ದೀಯಾ?" ಅಂಬುಜಾ ಅಣ್ಣನನ್ನು ಕೇಳಿದಳು.

"ಆ ಹುಳ ಬಿಟ್ಟಿದ್ದೀಯಲ್ಲ ಮಾರಾಯ್ತಿ," ಅತ್ತಿಗೆ ಸುಶೀಲಾ ಮೂಗು ಮುರಿದಳು.

"ಹುಳ ಅಲ್ಲ ಅತ್ತಿಗೆ, ಕಡಲ ಸೌತೆ ಅನ್ನೋ ಪ್ರಾಣಿ. ತಳದ ಕೆಸರು ನುಂಗಿ, ಕೊಳೆ ಅರಗಿಸಿಕೊಂಡು, ಚೊಕ್ಕ ಮರಳು ಹೊರಗೆ ಹಾಕುತ್ತೆ. ಮೇಲೆ ಕಡಲಪಾಚಿ, ನಡುವೆ ಮೀನು, ತಳದಲ್ಲಿ ಇದು. ಒಂದು ಬಿಟ್ಟದ್ದು ಇನ್ನೊಂದಕ್ಕೆ ಊಟ. ಆದರೆ ಅಣ್ಣ ಸುರಿಯೋ ಹಾಗೆ ಹಿಂಡಿ ತೌಡು ಸುರಿದರೆ ಅದೂ ಉಸಿರುಗಟ್ಟಿ ಸಾಯುತ್ತೆ. ಮೊದಲು ಮೀನಿಗೆ ಹಾಕೋದನ್ನು ಅರ್ಧ ಮಾಡು ಅಣ್ಣ."

ಅನಂತನಿಗೆ ರೇಗಿತು. "ಅಪ್ಪ ಗದ್ದೆ ಆಳುಗಳಿಗೂ ಹೊಟ್ಟೆ ಬಿರಿಯೆ ಬಡಿಸಿದವರು. ನನ್ನ ಹೊಂಡದ ಜೀವಗಳು ಅರೆಹೊಟ್ಟೆ ಇರಬೇಕಾ? ಜಿಪುಣತನಕ್ಕೆ ಸೈನ್ಸ್ ಅಂತ ಹೆಸರಿಡಬೇಡ. ಹೊಸ ಹೊಂಡ ಆದರೆ ಆ ಹೆಂಗಸರಿಗೂ ಕೆಲಸ ಕೊಡ್ತೇನೆ."

"ಅದೂ ಕೊಳೆತರೆ?"

"ಪಕ್ಕದಲ್ಲಿ ಇನ್ನೊಂದು."

ಅಯ್ಯೋ ದೇವರೇ! ವರ್ಷದಿಂದ ಇದೇ ರಾಗ. ಕಲ್ಲಿಗಾದರೂ ಇಷ್ಟು ಹೇಳಿದ್ದರೆ ಕರಗುತ್ತಿತ್ತು. ಅಂಬುಜಾ ತಟ್ಟೆಯನ್ನು ಆಚೆ ತಳ್ಳಿದಳು.

"ಅತ್ತಿಗೆ, ಇದು ಗಲೀಜಾಯಿತು. ಹೊಸ ತಟ್ಟೆ ಕೊಡಿ."

ಸುಶೀಲಾ ಮುಖ ಮುಖ ನೋಡಿ ಕೊಟ್ಟಳು. ಅಭ್ಯಾಸಬಲ, ಅನಂತ್ ಅದಕ್ಕೂ ರಾಶಿ ಬಡಿಸಿದ. ಅಂಬುಜಾ ಒಂದು ತುತ್ತು ತಿಂದು ಅದನ್ನೂ ತಳ್ಳಿದಳು. "ಇನ್ನೊಂದು." ಅದೂ ಆಯಿತು. ಶೋಕೇಸಿನ ಪಿಂಗಾಣಿ ತಟ್ಟೆಗಳೂ ಹೊರಬಂದವು.

"ಎಂತ ಹುಚ್ಚು ಇದು? ಇನ್ನೆಲ್ಲಿಡಲಿ? ಮೇಜಿನಲ್ಲಿ ಜಾಗವೇ ಇಲ್ಲ," ಸುಶೀಲಾ ಗೊಣಗಿದಳು.

"ಅಣ್ಣನ ತಟ್ಟೆ ಎತ್ತಿ. ಜಾಗ ಆಗುತ್ತೆ." ಅಂಬುಜಾ ತಾನೇ ಕೈಚಾಚಿ ಅದನ್ನು ಎಳೆದಳು.

"ಏ! ನಾನಿನ್ನೂ ಉಣ್ತಾ ಇದ್ದೇನೆ!"

"ಆ ಕಾಡಿನಲ್ಲಿ ಆ ಹೆಂಗಸರೂ ಉಣ್ತಾ ಇದ್ದಾರೆ ಅಣ್ಣ."

ಅನಂತ್ ಮೇಜಿನ ತುಂಬ ಹರಡಿದ್ದ ಅನ್ನವನ್ನು ನೋಡಿದ. ತಂಗಿ ಮೊದಲು ತಳ್ಳಿದ್ದ ತಟ್ಟೆಯನ್ನು ಮೆಲ್ಲಗೆ ತನ್ನೆದುರಿಗೆ ಎಳೆದುಕೊಂಡು ಕಲಸತೊಡಗಿದ.

"ಹ್ವಾಯ್, ಎಂಜಲು ಅದು!" ಸುಶೀಲಾ ಗಾಬರಿಯಾದಳು.

ಅವನು ಒಂದಗುಳೂ ಬಿಡದೆ ಉಂಡು, ಕೈ ತೊಳೆದು, ಪೀಟರ್‌ಗೆ ಫೋನ್ ಮಾಡಿದ. ನಾಳೆ ಕೊಡಲಿಯವರು ಬರುವುದು ಬೇಡ, ಹಿಂಡಿ ತೌಡು ಅರ್ಧ ಸಾಕು ಎಂದು ಸ್ವಾಹಿಲಿಯಲ್ಲಿ ಹೇಳಿದ. ಆ ಕಡೆಯವನಿಗೆ ನಂಬಿಕೆ ಬರಲಿಲ್ಲವೇನೋ, ಅದನ್ನೇ ಮತ್ತೆ ಹೇಳಬೇಕಾಯಿತು.

"ಇಷ್ಟಕ್ಕೆ ಒಂದು ವರ್ಷ ಬೇಕಿತ್ತಾ!" ಎನ್ನುತ್ತ ಅಂಬುಜಾ ಉಳಿದ ತಟ್ಟೆಗಳನ್ನು ಎತ್ತಲು ಹೋದಳು.

"ಅಲ್ಲೇ ಇಡು," ಅನಂತ್ ಫೋನ್ ಕಿವಿಯಲ್ಲಿರುವಾಗಲೇ ತಿರುಗಿ ಹೇಳಿದ. "ನಾನಿನ್ನೂ ಉಣ್ಣೋದಿದೆ."