ಅಗಿಯದೆ ನುಂಗಿದ ತುತ್ತು

ಡೋರೀನ್ ಅಜ್ಜಿಗೆ ಕನ್ನಡ ಬರುತ್ತದೆಂಬುದು ಪರ್ತ್‌ನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಅರವತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಪಕ್ಕದ ಮನೆಗೆ ಬಂಗಾರಪೇಟೆಯ ದೇವಕಿ ಬಂದಮೇಲೆ ಬೀಗ ಕಾಯುವುದು ಕಷ್ಟವಾಯಿತು. ವೆಲ್ಷ್‌ಪೂಲ್ ಬಡಾವಣೆಯ ಗೋದಾಮಿನ ಕೆಲಸದಿಂದ ತಡವಾಗಿ ಬಂದ ಗಂಡ ಯಶವಂತನಿಗೆ ದೇವಕಿ ಮಂಗಳಾರತಿ ಎತ್ತುವಾಗ, ಅಜ್ಜಿ ಬೇಲಿಯ ಈಚೆ ಗುಲಾಬಿಗೆ ನೀರು ಹಾಕುತ್ತಾ ನಗು ತಡೆದುಕೊಳ್ಳುತ್ತಿದ್ದಳು. "ಈ ಬಿಳಿ ಅಜ್ಜಿ ಪಾಪ, ತುಂಬಾ ಒಳ್ಳೇವ್ರು ಕಣ್ರೀ" ಎಂದು ಎದುರಿಗೇ ಹೇಳಿದರೂ ಏನೂ ತಿಳಿಯದವಳ ಹಾಗೆ ತಲೆಯಾಡಿಸುತ್ತಿದ್ದಳು.

ಬಿಳಿ ಅಜ್ಜಿಯಂತೆ! ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಲ್ಲಿ. ಅಪ್ಪ ಇಂಗ್ಲೆಂಡಿನಿಂದ ಬಂದ ಗಣಿ ಮೇಸ್ತ್ರಿ, ಅಮ್ಮ ಅಲ್ಲಿಯ ಕಪ್ಪು ಹೆಂಗಸು. ಮಗಳಿಗೆ ಅಪ್ಪನ ಬಣ್ಣ. ಆಗ ಆಸ್ಟ್ರೇಲಿಯಾ ಬಿಳಿಯರಿಗೇ ಬಾಗಿಲು ತೆರೆಯುತ್ತಿತ್ತು. ಅಲ್ಲಿಗೆ ವಲಸೆ ಹೋಗುವ ಸಂದರ್ಶನದ ದಿನ ಅಧಿಕಾರಿ ಡೋರೀನಳ ಮುಖ, ಕೈ ಎಲ್ಲ ನೋಡಿ, ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದ ಹೆಂಗಸು ಯಾರೆಂದು ಕೇಳಿದ. ಮಗಳು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿಬಿಟ್ಟಳು, "ಆಯಾ, ಸಾರ್."

ಡೋರೀನ್ ಹಡಗು ಹತ್ತಿದಳು. ಅಮ್ಮ ಅಲ್ಲೇ ಉಳಿದಳು, ಅಲ್ಲೇ ತೀರಿಕೊಂಡಳು. ಗಂಡ, ಮಕ್ಕಳಿಗೆಲ್ಲ ಗೋಡೆಯ ಫೋಟೊದಲ್ಲಿರುವವಳು ಸಾಕಿದ ಆಯಾ. ಆ ಕಾನೂನು ಹೋಗಿ ಎಷ್ಟೋ ಕಾಲವಾಗಿತ್ತು, ಸುಳ್ಳು ಮಾತ್ರ ಮನೆಯಲ್ಲೇ ಉಳಿದಿತ್ತು. ಈಗ ನಿಜ ಹೇಳಿ, ಇಷ್ಟು ದಿನ ಮೋಸ ಮಾಡಿದೆಯಾ ಎಂದು ಮೊಮ್ಮಗಳು ಟೆಸ್ಸಾ ದೂರವಾಗಿಬಿಟ್ಟರೆ? ಅಜ್ಜಿಗೆ ಉಳಿದಿದ್ದವಳು ಅವಳೊಬ್ಬಳೇ.

ಆ ಟೆಸ್ಸಾ ಬ್ರಿಸ್ಬೇನ್‌ನಿಂದ ಬಂದಿದ್ದಾಗಲೇ ದೇವಕಿ ಇಬ್ಬರನ್ನೂ ಊಟಕ್ಕೆ ಕರೆದಳು. ತಟ್ಟೆಯಲ್ಲಿ ರಾಗಿ ಮುದ್ದೆ, ಬಸ್ಸಾರು. ಟೆಸ್ಸಾ ಪಾಪ, ಬ್ರೆಡ್ಡಿನಂತೆ ಅಗಿದಳು. ಅದು ಹಲ್ಲಿಗೆಲ್ಲ ಮೆತ್ತಿಕೊಂಡಾಗ ಕಣ್ಣುಕಣ್ಣು ಬಿಟ್ಟಳು. ಅಜ್ಜಿಯ ಕೈ ಮಾತ್ರ ಅಜ್ಜಿಯನ್ನೇ ಕೇಳದೆ ಮುದ್ದೆ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟಿತು. ಗುಳುಂ. ಹಲ್ಲಿಗೆ ತಾಗಲೇ ಇಲ್ಲ.

ದೇವಕಿ ಸೌಟು ಹಿಡಿದು ನಿಂತಲ್ಲೇ ನಿಂತಳು. ಹಾಗೆ ನುಂಗುವುದನ್ನು ಯಾರೂ ದೊಡ್ಡವರಾದ ಮೇಲೆ ಕಲಿಯುವುದಿಲ್ಲ. ಆದರೂ ಅವಳು ಕೂಗಾಡಲಿಲ್ಲ. ಬಗ್ಗಿ, ಅಜ್ಜಿಗಷ್ಟೇ ಕೇಳುವಂತೆ ಕನ್ನಡದಲ್ಲಿ ಕೇಳಿದಳು.

"ಇನ್ನರ್ಧ ಮುದ್ದೆ ಹಾಕ್ಲಾ ಅಜ್ಜಿ?"

ಅರ್ಥವಾಗದವಳ ಹಾಗೆ ಪಾರ್ಡನ್ ಎಂದಿದ್ದರೆ ಮುಗಿಯುತ್ತಿತ್ತು. ದೇವಕಿ ಏನೂ ಕಾಣದವಳಂತೆ ಒಳಗೆ ಹೋಗುತ್ತಿದ್ದಳು. ಡೋರೀನ್ ಮೊಮ್ಮಗಳ ಮುಖ ನೋಡಿದಳು. ಗಂಟಲಲ್ಲಿ ಇನ್ನೂ ಅಮ್ಮನ ಕೈರುಚಿ ಇತ್ತು.

"ಹಾಕವ್ವ," ಎಂದಳು. "ಸಾರು ಒಸಿ ಜಾಸ್ತಿನೇ ಹಾಕು."

ಅದು ಯಾವ ಭಾಷೆ ಎಂದು ಟೆಸ್ಸಾ ಕೇಳಿದಳು. ಡೋರೀನ್ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಫೋಟೊದಲ್ಲಿರುವವಳು ಆಯಾ ಅಲ್ಲ, ಹೆತ್ತ ತಾಯಿ ಎಂದಳು. ಬಾಗಿಲ ಬಳಿ ಅಮ್ಮ ಆಡಿದ ಮಾತನ್ನೂ ಹೇಳಿದಳು.

ಟೆಸ್ಸಾ ಮುದ್ದೆ ಮೆತ್ತಿದ ಅಜ್ಜಿಯ ಕೈ ಹಿಡಿದುಕೊಂಡಳು.

"ಹಾಗಾದ್ರೆ ನಾವೆಲ್ಲ ಇಲ್ಲಿರೋದು ಅವರಿಂದಲೇ, ಗ್ರ್ಯಾನಿ. ಅವರ ಹೆಸರೇನು?"

ಆಯಾಳ ಹೆಸರನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ.

"ಮುನಿಯಮ್ಮ."

ಟೆಸ್ಸಾ ಹೆಸರನ್ನು ಎಳೆದಳು, ಮುರಿದಳು, ಮತ್ತೆ ಜೋಡಿಸಿದಳು, ಕೊನೆಗೂ ಸರಿಯಾಗಿ ಹೇಳಿದಳು. ದೇವಕಿ ಸೌಟು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡು ಮೂಗಿಗೆ ಸಾರು ಮೆತ್ತಿಕೊಂಡಳು. ಡೋರೀನ್ ಒಂದು ತುತ್ತು ಉಂಡೆ ಮಾಡಿ ಮೊಮ್ಮಗಳ ಬಾಯಿಯ ಹತ್ತಿರ ಹಿಡಿದಳು.

"ಅಗೀಬೇಡ ಮಗಾ, ನುಂಗು."

ಅದು ಅಮ್ಮನದೇ ಮಾತು. ಟೆಸ್ಸಾ ಕಣ್ಣು ಮುಚ್ಚಿ ನುಂಗಿದಳು. ನಿನ್ನ ಋಣ ತೀರಿಸೋಕಾಗಲ್ಲ ಅಮ್ಮ, ಎಂದುಕೊಂಡಳು ಡೋರೀನ್. ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದವಳು ಈಗ ಒಳಗೆ ಬಂದು ಪಕ್ಕದಲ್ಲಿ ಕೂತ ಹಾಗಿತ್ತು.